ಲೂರ್‌ಗೆ ಬಣ್ಣ ಹೊಡೆಯುವ ಏರ್‌ಬ್ರಶ್ ಸೆಟ್: ಮಳೆಗಾಲ ಕಂಡ ಮೇಲಿನ ವಿಮರ್ಶೆ

ಲೂರ್ ಎಂದರೆ ಮೀನು ಹಿಡಿಯಲು ಎಸೆಯುವ, ಹುಕ್ಕು ಕಟ್ಟಿದ ನಕಲಿ ಮೀನು. ಅದಕ್ಕೆ ಗಾಳಿಯ ಒತ್ತಡದಲ್ಲಿ ಬಣ್ಣ ಊದುವ ಏರ್‌ಬ್ರಶ್ ಸೆಟ್ ತಗೊಳ್ಳಬಹುದಾ ಎಂದು ಕೇಳುವವರಿಗೆ ನನ್ನ ಉತ್ತರ: ತಗೊಳ್ಳಿ. ಆದರೆ ಅದಕ್ಕೆ ಇಟ್ಟ ದುಡ್ಡಿನಲ್ಲಿ ಸ್ವಲ್ಪವನ್ನು ಒಳ್ಳೆಯ ಎಪಾಕ್ಸಿಗೆ, ಅಂದರೆ ಎರಡು ಭಾಗ ಕಲಸಿ ಬಳಿಯುವ ಗಟ್ಟಿ ಅಂಟಿಗೆ, ಎತ್ತಿಡಿ. ಬಣ್ಣ ಚೆಂದ ಬಂದರೆ ಫೋಟೋ ಚೆಂದ ಬರುತ್ತದೆ. ಲೂರ್ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ತೀರ್ಮಾನಿಸುವುದು ಬಣ್ಣದ ಮೇಲೆ ಕೂರುವ ಆ ಪಾರದರ್ಶಕ ಪದರ. ಹೊಸಬರು ಕೊಳ್ಳುವಾಗ ಕಡೆಗೆ ಯೋಚಿಸುವುದು ಅದನ್ನೇ.

ನಾನು ಉಡುಪಿ ಕಡೆಯವನು. ಅಳಿವೆಯಲ್ಲೋ ಕಡಲ ತಡೆಗೋಡೆಯ ಮೇಲೋ ರಾಡ್ ಹಿಡಿದು ನಿಲ್ಲುವ ಚಟ. ಕೆಂಬೇರಿ, ಮುರು ಮೀನುಗಳು ಇರುವುದೇ ಕಲ್ಲಿನ ಸಂದಿಯಲ್ಲಿ. ಅಲ್ಲಿ ಎಸೆದ ಲೂರ್‌ನ ಮೈ ತರಚದೆ ಇರುವುದಿಲ್ಲ. ಎಂಟುನೂರು, ಸಾವಿರ ಕೊಟ್ಟ ಮಿನೋ (ಸಣ್ಣ ಮೀನಿನ ಆಕಾರದ ಗಟ್ಟಿ ಲೂರ್) ಒಂದು ಸೀಸನ್ನಿನಲ್ಲೇ ಹೊಟ್ಟೆಯ ಬಣ್ಣ ಕಳೆದುಕೊಂಡು ಬೋಳಾಗುತ್ತದೆ. ಆದರೆ ಒಳಗಿನ ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇರುತ್ತದೆ. ಹೊಟ್ಟೆಯೊಳಗಿನ ಗುಂಡು ಗಲಗಲ ಎನ್ನುತ್ತದೆ, ನೀರಿನಲ್ಲಿ ಓಟವೂ ಸರಿ ಇರುತ್ತದೆ. ಅಂಥದ್ದನ್ನು ಸುಮ್ನೆ ಎಸೆಯಲು ಮನಸ್ಸು ಬರುವುದಿಲ್ಲ, ಅಲ್ವಾ? ಈ ಸೆಟ್ ಮನೆಗೆ ಬಂದದ್ದು ಅದಕ್ಕೇ.

ಸೆಟ್‌ನಲ್ಲಿ ಇರುವುದು ಮೂರು ಲೀಟರ್ ಟ್ಯಾಂಕಿನ ಪುಟ್ಟ ಕಂಪ್ರೆಸರ್, 0.3 ಮಿ.ಮೀ. ನಾಜಲ್‌ನ ಡ್ಯುಯಲ್ ಆ್ಯಕ್ಷನ್ ಏರ್‌ಬ್ರಶ್, ಹೋಸ್, ನೀರು ಹಿಡಿಯುವ ಫಿಲ್ಟರ್. ಇದೇ ಮಾಲು ಹತ್ತು ಹೆಸರಿನಲ್ಲಿ, ಹತ್ತು ಬೆಲೆಗೆ ಸಿಗುತ್ತದೆ. ಹೆಸರಿಗೆ ಜಾಸ್ತಿ ಕೊಡಬೇಡಿ, ಟ್ಯಾಂಕ್ ಇದೆಯಾ ನೋಡಿ. ಟ್ಯಾಂಕ್ ಇಲ್ಲದ ಕಂಪ್ರೆಸರ್ ಗಾಳಿಯನ್ನು ತಡೆದು ತಡೆದು ತಳ್ಳುತ್ತದೆ. ಆ ಏರಿಳಿತ ತೆಳು ಗೆರೆ ಎಳೆಯುವಾಗ ಕಣ್ಣಿಗೆ ಕಾಣುತ್ತದೆ. ಟ್ಯಾಂಕ್ ಇದ್ದರೆ ಮೋಟರ್ 57 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಮುಟ್ಟಿದಾಗ ತಾನೇ ನಿಲ್ಲುತ್ತದೆ. 43ಕ್ಕೆ ಇಳಿದಾಗ ಮತ್ತೆ ಶುರುವಾಗುತ್ತದೆ. ಅಷ್ಟು ಹೊತ್ತು ಸದ್ದಿಲ್ಲ. ಮನೆಯವರು ಮಲಗಿದ ಮೇಲೆ ಕೂರುವವರಿಗೆ ಇದು ದೊಡ್ಡ ಉಪಕಾರ.

ಡ್ಯುಯಲ್ ಆ್ಯಕ್ಷನ್ ಎಂದರೆ ಹೆದರಬೇಡಿ. ಟ್ರಿಗರ್ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಹಳೇ ಪೇಪರ್ ಮೇಲೆ ಚುಕ್ಕೆ, ಗೆರೆ ಹಾಕುತ್ತಾ ಕೂತರೆ ಬೆರಳಿಗೆ ಬೇಗ ಬರುತ್ತದೆ. ಚಾರ್ಜ್ ಮಾಡಿ ಕೈಯಲ್ಲೇ ಹಿಡಿಯುವ ಅಗ್ಗದ ಏರ್‌ಬ್ರಶ್ ಕೂಡ ಗೆಳೆಯನೊಬ್ಬನ ಹತ್ತಿರ ಇದೆ. ಬಿಳಿ ಬೇಸ್ ಹೊಡೆಯಲು ಅದು ಸಾಕು. ಅವನದರಲ್ಲಿ ಒತ್ತಡ ಹೆಚ್ಚು ಕಡಿಮೆ ಮಾಡಲು ಆಗದು, ಹಾಗಾಗಿ ಸೂಕ್ಷ್ಮ ಕೆಲಸಕ್ಕೆ ಅದು ನನಗೆ ಒಗ್ಗಲಿಲ್ಲ.

ಬಣ್ಣದ ವಿಷಯ. ಏರ್‌ಬ್ರಶ್‌ಗೆಂದೇ ಮಾಡಿದ ಕ್ರಿಯೇಟೆಕ್ಸ್ ಬಣ್ಣ ಚೆನ್ನಾಗಿದೆ, ಆದರೆ ನಮ್ಮಲ್ಲಿ ದುಬಾರಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಫೆವಿಕ್ರಿಲ್ ಅಕ್ರಿಲಿಕ್‌ನಲ್ಲೂ ಕೆಲಸ ನಡೆಯುತ್ತದೆ. ನೀರುಮಜ್ಜಿಗೆಯ ಹದಕ್ಕೆ ತೆಳು ಮಾಡಿ, ನೈಲಾನ್ ಕಾಲುಚೀಲದ ತುಂಡಿನಲ್ಲಿ ಸೋಸಿ ಕಪ್‌ಗೆ ಹಾಕಬೇಕು. ಒತ್ತಡ 20 ಪಿಎಸ್‌ಐ ಆಸುಪಾಸು ಇರಲಿ. ಬಣ್ಣ ಆ ಹದಕ್ಕಿಂತ ತೆಳುವಾಗಿ, ಗಾಳಿಯೂ ಜಾಸ್ತಿಯಾದರೆ ಬಿದ್ದ ಬಣ್ಣ ಜೇಡರ ಕಾಲಿನ ಹಾಗೆ ನಾಲ್ಕೂ ದಿಕ್ಕಿಗೆ ಹರಿಯುತ್ತದೆ. ಪರ್ಲ್, ಮೆಟಾಲಿಕ್ ಬಣ್ಣಗಳ ಹೊಳಪಿನ ಪುಡಿ 0.3 ನಾಜಲ್‌ನಲ್ಲಿ ಪದೇ ಪದೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ 0.5 ನಾಜಲ್ ಮತ್ತು ಅದರ ಸೂಜಿ ಬೇಕು. ಸೆಟ್‌ನಲ್ಲಿ ಅದು ಬರುವುದಿಲ್ಲ, ಜಾಹೀರಾತಿನಲ್ಲಿ ಆ ಮಾತೂ ಇರುವುದಿಲ್ಲ.

ಹೊಸಬರು ಮೊದಲು ಬೂತಾಯಿ (ಸಾರ್ಡೀನ್) ಮೀನಿನ ಬಣ್ಣವನ್ನೇ ಮಾಡಿ ನೋಡಿ. ಮಾದರಿಗೆ ಮಾರ್ಕೆಟ್ಟಿನಿಂದ ಒಂದು ತಾಜಾ ಮೀನು ತಂದು ಪಕ್ಕದಲ್ಲಿ ಇಟ್ಟುಕೊಂಡರೆ ಆಯಿತು. ಹತ್ತಿರದಿಂದ ನೋಡಿದರೆ ಬೆನ್ನು ಬರೀ ನೀಲಿಯಲ್ಲ, ಹಸಿರು ಬೆರೆತ ನೀಲಿ. ಕಿವಿರಿನ ಮುಚ್ಚಳದ ಹಿಂದಿನ ಅಂಚಿನಲ್ಲಿ ಒಂದು ಕಪ್ಪು ಮಚ್ಚೆ. ಅಲ್ಲಿಂದ ಬಾಲದ ಕಡೆಗೆ ಮಸುಕಾದ ಬಂಗಾರದ ಗೆರೆ. ಬಂಗುಡೆಗೆ ಬೆನ್ನ ಮೇಲೆ ಕಪ್ಪು ಚುಕ್ಕೆಗಳ ಸಾಲು ಬೇಕು, ಎದೆಯ ರೆಕ್ಕೆಯ ಹತ್ತಿರ ಒಂದು ಕಪ್ಪು ಮಚ್ಚೆಯೂ ಇರುತ್ತದೆ. ಮಾದರಿ ಮೀನು ಸಂಜೆಗೆ ಸಾರಿಗೆ ಹೋಗುತ್ತದೆ, ನಷ್ಟವೇನೂ ಇಲ್ಲ.

ಮೊದಲು ಹುಕ್ಕು, ರಿಂಗ್ ಎಲ್ಲ ತೆಗೆಯಿರಿ. ಲೂರ್‌ನ ಬಾಯಿಯ ಮುಂದೆ ಚಾಚಿರುವ ಪ್ಲಾಸ್ಟಿಕ್ ನಾಲಿಗೆಗೆ ಟೇಪ್ ಸುತ್ತಿ. 400 ನಂಬರ್ ಉಪ್ಪುಕಾಗದದಲ್ಲಿ ಮೈ ಉಜ್ಜಿ, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ತಾಗಿದ ಜಾಗದಲ್ಲಿ ಬಣ್ಣ ಹಿಂದೆ ಸರಿದು ಗುಂಡಗಿನ ಗುಳಿ ಬೀಳುತ್ತದೆ. ಹಳೇ ಬಣ್ಣ ತೆಗೆಯಲು ಅಸಿಟೋನ್ ಹಾಕುವುದೂ ಬೇಡ, ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಬಿಳಿ ಬೇಸ್ ಹೊಡೆದು ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಪಕ್ಕಕ್ಕೆ ಬೆಳ್ಳಿ ಬಣ್ಣ ಕೊಡಿ.

ಹುರುಪೆ ಬರಿಸುವ ಉಪಾಯ ನನಗೆ ಇಂದಿಗೂ ಖುಷಿ ಕೊಡುವ ಭಾಗ. ಸ್ನಾನಕ್ಕೆ ಮೈ ಉಜ್ಜುವ ನೈಲಾನ್ ಬಲೆ ಇರುತ್ತದಲ್ಲ, ಅದನ್ನು ಬಿಚ್ಚಿ ಒಂದು ತುಂಡು ಕತ್ತರಿಸಿ. ಲೂರ್‌ನ ಮೈಗೆ ಬಿಗಿಯಾಗಿ ಎಳೆದು, ಹೊಟ್ಟೆಯ ಕೆಳಗೆ ಬಟ್ಟೆ ಕ್ಲಿಪ್ ಹಾಕಿ. ಬೆನ್ನಿನ ಕಡೆಯಿಂದ ಹಸಿರು ನೀಲಿಯನ್ನು ಹಗುರಾಗಿ ಊದಿಸಿ. ಪೂರ್ತಿ ಒಣಗಿದ ಮೇಲೆ ಬಲೆ ಬಿಚ್ಚಿದರೆ ದಾರ ಮುಚ್ಚಿದ್ದ ಕಡೆ ಬೆಳ್ಳಿ, ಬಲೆಯ ಕಣ್ಣುಗಳ ಒಳಗೆ ನೀಲಿ. ಸಾಲು ಸಾಲು ಹುರುಪೆ. ಅಂಚು ಕಪ್ಪಗೆ ಬೇಕು ಎಂದರೆ ಮೊದಲು ಕಪ್ಪು ಹೊಡೆದು, ಬಲೆಯ ಮೇಲಿಂದ ಬೆಳ್ಳಿ ಊದಬೇಕು. ಲೂರ್‌ನ ಕಣ್ಣಿಗೆ ಅಂಟಿಸುವ ಸ್ಟಿಕರ್ ಸಿಗುತ್ತದೆ. ಎಪಾಕ್ಸಿಗೆ ಮುಂಚೆ ಅಂಟಿಸಿದರೆ ಕೀಳುವುದಿಲ್ಲ. ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಯಬೇಡಿ, ಎಪಾಕ್ಸಿ ತಾಗಿದೊಡನೆ ಶಾಯಿ ಹರಡುತ್ತದೆ.

ಮೀನಿಗೆ ಇಷ್ಟೆಲ್ಲ ಬೇಕಾ? ನನ್ನ ಅನುಭವದಲ್ಲಿ ಬೇಡ. ಮಳೆನೀರು ಬೆರೆತು ಹೊಳೆ ಕೆಂಪಾದಾಗ ಹುರುಪೆಯನ್ನು ಯಾವ ಮೀನೂ ಲೆಕ್ಕಕ್ಕೆ ತಗೊಂಡ ಹಾಗೆ ಕಾಣಲಿಲ್ಲ. ಆಗ ಕೆಲಸ ಮಾಡುವುದು ಎದ್ದು ಕಾಣುವ ಹಳದಿ ಹಸಿರು, ಇಲ್ಲವೇ ಅಚ್ಚ ಕಪ್ಪು. ಕೆಂಪು ಬಣ್ಣ ಆಳಕ್ಕೆ ಹೋದಂತೆ ಎಲ್ಲಕ್ಕಿಂತ ಮೊದಲು ಮಂಕಾಗುತ್ತದೆ. ಹಾಗಾಗಿ ಕೆಂಪಿಗೆ ಖರ್ಚು ಮಾಡುವುದಕ್ಕಿಂತ ಒಂದು ಡಬ್ಬಿ ಬಿಳಿ ಜಾಸ್ತಿ ತರುವುದು ವಾಸಿ.

ಇನ್ನು ಎಪಾಕ್ಸಿ. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಮಾಡಿದ ಮೊದಲ ಲೂರ್‌ನ ಮೈ ಕಾರ್ಕ್‌ನದು. ಹೊಳಪಿಗೆ ಚಾಕೊಲೇಟಿನ ತಗಡು ಸುತ್ತಿದರು. ಅದು ನೀರಿನಲ್ಲಿ ಕಿತ್ತು ಬರದಂತೆ ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದರು. ನಮಗೆ ಅಷ್ಟು ಕಷ್ಟವಿಲ್ಲ, ಆದರೆ ಆಯ್ಕೆಯಲ್ಲೇ ಗೊಂದಲ. ಐದು ನಿಮಿಷದ ಎಪಾಕ್ಸಿ ಸಮನಾಗಿ ಹರಡುವ ಮೊದಲೇ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಹಳದಿಯಾಗುತ್ತದೆ. ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಅಂಟು, ಅಂದರೆ ಯುವಿ ರೆಸಿನ್, ಯುವಿ ಟಾರ್ಚಿನಡಿ, ಬಿಸಿಲಿನಲ್ಲೂ, ಬೇಗ ಗಟ್ಟಿಯಾಗುತ್ತದೆ. ರಿಪೇರಿಗೆ ಅದೇ ಚೆನ್ನ. ಆದರೆ ನಾನು ತರಿಸಿದ ಒಂದು ಬಾಟಲಿಯದು ಒಂದೇ ಬೇಸಿಗೆಯಲ್ಲಿ ಹಳದಿಗಟ್ಟಿತು. ಕಲ್ಲಿಗೆ ಬಡಿದಾಗ ಚೂರಾಗಿ ಎದ್ದೂ ಬಂತು. ಕೊನೆಗೆ ನಿಂತದ್ದು 30 ನಿಮಿಷದ ಎಪಾಕ್ಸಿಯಲ್ಲಿ. ಎರಡೂ ಭಾಗ ಸರಿಸಮ ಅಳೆದು, ಗುಳ್ಳೆ ಏಳದ ಹಾಗೆ ನಿಧಾನ ಕಲಸಬೇಕು. ಕೈಗವಸು ಕಡ್ಡಾಯ. ಕೆಲವರಿಗೆ ಎಪಾಕ್ಸಿಯಿಂದಲೂ ಯುವಿ ರೆಸಿನ್‌ನಿಂದಲೂ ಚರ್ಮಕ್ಕೆ ಅಲರ್ಜಿ ಶುರುವಾಗುತ್ತದೆ, ಶುರುವಾದರೆ ಬಿಡುವುದಿಲ್ಲ. ಬಣ್ಣ ಊದುವಾಗ ಮಾಸ್ಕ್ ಕೂಡ ಬೇಕು.

ಬಳಿದ ಮೇಲೆ ಲೂರ್ ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಎಪಾಕ್ಸಿ ಇಳಿದು ಹೊಟ್ಟೆಯಲ್ಲಿ ಗಡ್ಡೆ ಕಟ್ಟುತ್ತದೆ. ಇದಕ್ಕೆ ಮಾರುವ ಯಂತ್ರ ಬೇಡ. ಮೈಕ್ರೋವೇವ್‌ನಲ್ಲಿ ತಟ್ಟೆ ತಿರುಗಿಸುವ ಮೋಟರ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ನಿಮಿಷಕ್ಕೆ ಐದಾರು ಸುತ್ತು. ಒಂದು ಹಲಗೆ, ಎರಡು ಕೊಕ್ಕೆ ಸಾಕು. ಅದು ಹಲವು ಸಲ ನೇರ 230 ವೋಲ್ಟ್‌ನ ಮೋಟರ್, ಹಾಗಾಗಿ ವೈರಿಂಗ್ ತಿಳಿದವರಿಂದಲೇ ಮಾಡಿಸಿ.

ಮಳೆಗಾಲ ಈ ಹವ್ಯಾಸದ ಶತ್ರು. ಜೂನ್, ಜುಲೈನ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕಡಲೂ ಒರಟು, ತಡೆಗೋಡೆಯ ಮೇಲೆ ನಿಲ್ಲುವ ಮಾತೇ ಇಲ್ಲ. ಬಣ್ಣ ಹೊಡೆಯಲು ಬಿಡುವು ಸಿಗುವುದೇ ಆಗ. ಗಾಳಿಯಲ್ಲಿ ನೀರಿರುವುದೂ ಆಗಲೇ. ಎಪಾಕ್ಸಿಯ ಮೇಲೆ ಜಿಡ್ಡು ಜಿಡ್ಡಾದ ಪೊರೆ ಬರುತ್ತದೆ. ಅದನ್ನು ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿಯೇ ಎರಡನೇ ಪದರ ಹಾಕಬೇಕು. ಕಂಪ್ರೆಸರ್ ಕೂಡ ನೀರು ಕುಡಿಯುತ್ತದೆ. ಟ್ಯಾಂಕಿನ ಅಡಿಯಲ್ಲಿ ಒಂದು ಸಣ್ಣ ತಿರುಪು ಇದೆ. ಕೆಲಸ ಮುಗಿದ ಮೇಲೆ ಬಿಚ್ಚಿದರೆ ತುಕ್ಕು ಬಣ್ಣದ ನೀರು ಉಸ್ಸೆಂದು ಬರುತ್ತದೆ. ಫಿಲ್ಟರ್ ತುಂಬಿದ್ದನ್ನು ಗಮನಿಸದಿದ್ದರೆ ಬಣ್ಣದ ನಡುವೆ ಒಂದು ಹನಿ ನೀರು ಹಾರಿ ಬೀಳುತ್ತದೆ, ಅಷ್ಟೂ ಹೊತ್ತಿನ ಕೆಲಸ ಹಾಳು.

ಎಪಾಕ್ಸಿ ದಪ್ಪವಾದರೆ ತೂಕ ಏರುತ್ತದೆ. ನೀರಿನ ಮಧ್ಯೆ ನಿಲ್ಲಬೇಕಾದ ಸಸ್ಪೆಂಡಿಂಗ್ ಮಿನೋ ಮುಳುಗಲು ಶುರು ಮಾಡುತ್ತದೆ. ತೇಲುವ ಲೂರ್‌ಗಳಿಗೆ ಎರಡು ತೆಳು ಪದರ ಸಾಕು, ಸಸ್ಪೆಂಡಿಂಗ್‌ಗೆ ಒಂದೇ. ಹುಕ್ಕು ಹಾಕಿ ಬಕೆಟ್ಟಿನ ನೀರಿನಲ್ಲಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಮುಳುಗಿದರೆ ಒಂದು ಸೈಜ್ ಸಣ್ಣ ಟ್ರೆಬಲ್ ಹುಕ್ (ಮೂರು ಮೊನೆಯ ಹುಕ್ಕು) ಹಾಕಿ ಸರಿದೂಗಿಸಬಹುದು.

ಸೆಟ್‌ನ ಮೇಲಿನ ದೂರುಗಳನ್ನೂ ಹೇಳಬೇಕು. ಹೋಸ್‌ನ ಜೋಡಣೆ ಮೊದಲ ದಿನದಿಂದಲೇ ಸೋರುತ್ತಿತ್ತು, ಪ್ಲಂಬರ್ ಬಳಸುವ ಟೆಫ್ಲಾನ್ ಟೇಪ್ ಸುತ್ತಿದ ಮೇಲೆ ನಿಂತಿತು. ಕಪ್‌ನ ಒಳಗಿನ ಹೊಳಪು ಎದ್ದು ಬರುತ್ತಿದೆ. ಒತ್ತಡ ತೋರಿಸುವ ಮುಳ್ಳನ್ನು ನಂಬುವ ಹಾಗಿಲ್ಲ, ನಾನು ಪೇಪರ್ ಮೇಲೆ ಊದಿ ನೋಡಿಯೇ ಹೊಂದಿಸುವುದು. ಮಾರಿದವರಿಗೆ ಬರೆದರೆ ವಾರಂಟಿ ಕಂಪ್ರೆಸರ್‌ಗೆ ಮಾತ್ರ ಎಂಬ ಉತ್ತರ ಬಂತು. ಮೋಟರ್ ಮಾತ್ರ ಇವತ್ತಿಗೂ ಗಟ್ಟಿಮುಟ್ಟು, ಅದರ ಬಗ್ಗೆ ಎರಡು ಮಾತಿಲ್ಲ.

ದುಡ್ಡು ಉಳಿಯುತ್ತದಾ? ವರ್ಷಕ್ಕೆ ನಾಲ್ಕೈದು ಲೂರ್ ಕಳೆಯುವವರಿಗೆ ಇಲ್ಲ. ಅವರು ಹೊಸದು ಕೊಳ್ಳುವುದೇ ಲಾಭ. ಕಲ್ಲು, ಕಾಂಡ್ಲಾ ಬೇರುಗಳ ನಡುವೆ ಮೀನು ಹಿಡಿದು ಡಬ್ಬಿ ತುಂಬ ಬೋಳು ಲೂರ್ ಇಟ್ಟುಕೊಂಡವರಿಗೆ ಉಳಿಯುತ್ತದೆ. ಬಣ್ಣವಿಲ್ಲದ ಬರಿ ಲೂರ್ (ಬ್ಲ್ಯಾಂಕ್) ನನಗೆ ನೂರರ ಆಸುಪಾಸಿಗೆ ಸಿಗುತ್ತದೆ, ಆದರೆ ಅಗ್ಗದವುಗಳ ಓಟ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಕೆರೆಯಲ್ಲಿ ಮುರ್ರೆಲ್ ಮೀನು ಹಿಡಿಯಲು ಬರೀ ರಬ್ಬರ್ ಕಪ್ಪೆಯ ಲೂರ್ ಬಳಸುವವರು ಈ ಕಡೆ ತಿರುಗಿಯೂ ನೋಡಬೇಡಿ. ಮೆತ್ತನೆ ಮೈ ಮಡಿಸಿದೊಡನೆ ಅಕ್ರಿಲಿಕ್ ಬಿರಿಯುತ್ತದೆ.

ತರಿಸುವುದೇ ಆದರೆ ಅದೇ ಆರ್ಡರಿನಲ್ಲಿ ಎರಡು ನಾಜಲ್, ಒಂದು ಸೂಜಿ, ಒಂದು ಪೊಟ್ಟಣ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಸೇರಿಸಿ. ನಾಜಲ್‌ನ ತಿರುಪಿನ ಮರೆ ಕೂದಲಿನಷ್ಟು ತೆಳು, ಸ್ಪಾನರ್‌ನಲ್ಲಿ ಸ್ವಲ್ಪ ಜಾಸ್ತಿ ಬಿಗಿದರೂ ಸೀಳುತ್ತದೆ. ಬೇರೆ ಸೆಟ್‌ನದು ನೋಡಲು ಒಂದೇ ಥರ ಇದ್ದರೂ ಕೂರುವುದಿಲ್ಲ.