ಖಾಸಗಿಯವರಿಂದ ಅಪರೂಪದ ಬರ್ಬನ್ ಕೊಳ್ಳುವ ಮುನ್ನ ಇದನ್ನು ಓದಿ

ಅಮೆರಿಕದಲ್ಲಿರುವ ಕನ್ನಡದ ವಿಸ್ಕಿ ಪ್ರಿಯರಿಗೆ ನೇರವಾಗಿ ಹೇಳಿಬಿಡುತ್ತೇನೆ. ಪರಿಚಯವಿಲ್ಲದವರಿಂದ ವೆಲ್ಲರ್, ಪ್ಯಾಪಿ, ಸ್ಟ್ಯಾಗ್ ತರಹದ ಅಪರೂಪದ ಬರ್ಬನ್ (ಅಮೆರಿಕದ ಜೋಳದ ವಿಸ್ಕಿ) ಬಾಟಲಿ ಕೊಳ್ಳಬೇಡಿ. ಫೋಟೊ ಎಷ್ಟೇ ಚೆನ್ನಾಗಿರಲಿ, ಮಾರುವವನ ಬಗ್ಗೆ ಎಷ್ಟೇ ಜನ ಒಳ್ಳೆ ಮಾತು ಬರೆದಿರಲಿ, ಬೇಡ. ನಾವು ನಾಲ್ಕು ಜನ ಗೆಳೆಯರು ಸೇರಿ 1,200 ಡಾಲರ್ ಕೊಟ್ಟು ಒಂದು ಬಾಟಲಿ ತಗೊಂಡೆವು. ಒಳಗಿದ್ದದ್ದು ಹೆಚ್ಚೆಂದರೆ ಮೂವತ್ತು ಡಾಲರಿನ ಮಾಲು.

ನಾವಿರುವುದು ಓಹಾಯೋದಲ್ಲಿ. ಇಲ್ಲಿ ವಿಸ್ಕಿಯಂಥ ಗಟ್ಟಿ ಮದ್ಯದ ವ್ಯಾಪಾರ ರಾಜ್ಯ ಸರಕಾರದ ಹಿಡಿತದಲ್ಲಿದೆ, ಬೆಲೆ ಎಲ್ಲ ಅಂಗಡಿಯಲ್ಲೂ ಒಂದೇ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಎಲ್ಲರೂ ಹುಡುಕುವ ಬಾಟಲಿ ಕಪಾಟಿಗೆ ಬರೋದೇ ಇಲ್ಲ. ಅವಕ್ಕೆ ಸರಕಾರವೇ ಲಾಟರಿ ಎತ್ತುತ್ತದೆ. ನಾವು ಹೆಸರು ಕೊಡುತ್ತೇವೆ, ಬರುವುದಿಲ್ಲ. ಮತ್ತೆ ಕೊಡುತ್ತೇವೆ.

ನಮ್ಮ ಗುಂಪಿನ ಹುಚ್ಚು ಗೋಧಿಯ ಬರ್ಬನ್. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ಕನಿಷ್ಠ 51% ಮುಸುಕಿನ ಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಅದು ಮಾಗಬೇಕು. ಜೋಳ ಮತ್ತು ಬಾರ್ಲಿಯ ಜೊತೆಗೆ ಹೆಚ್ಚಿನವರು ರೈ ಅನ್ನುವ ಧಾನ್ಯ ಹಾಕುತ್ತಾರೆ, ಅದರಿಂದ ಖಾರ. ಕೆಲವರು ರೈ ಬದಲು ಗೋಧಿ ಹಾಕುತ್ತಾರೆ, ಅದರಿಂದ ಮೆದು, ಸಿಹಿ. ಮೇಕರ್ಸ್ ಮಾರ್ಕ್, ಲಾರ್ಸನಿ, ಓಲ್ಡ್ ಫಿಟ್ಜೆರಾಲ್ಡ್, ವೆಲ್ಲರ್, ಪ್ಯಾಪಿ ವ್ಯಾನ್ ವಿಂಕಲ್ ಎಲ್ಲ ಈ ಜಾತಿ. ಇದರಲ್ಲಿ ಯಾವುದು ಮೇಲು ಅನ್ನೋದೇ ನಮ್ಮ ಶನಿವಾರದ ಜಗಳ.

ಆ ಜಗಳ ಮುಗಿಸೋಣ ಅಂತಲೇ ವಿಲಿಯಂ ಲರೂ ವೆಲ್ಲರ್ ಹುಡುಕಿದ್ದು. ಕೆಂಟಕಿಯ ಫ್ರಾಂಕ್‌ಫರ್ಟಿನಲ್ಲಿರುವ ಬಫಲೊ ಟ್ರೇಸ್ ಡಿಸ್ಟಿಲರಿ ವರ್ಷಕ್ಕೊಮ್ಮೆ ಬಿಡುಗಡೆ ಮಾಡುವ ಆಂಟೀಕ್ ಕಲೆಕ್ಷನ್‌ನಲ್ಲಿ ಗೋಧಿಯದ್ದು ಇದೊಂದೇ. ನೀರು ಬೆರೆಸುವುದಿಲ್ಲ, ಫಿಲ್ಟರ್ ಮಾಡುವುದಿಲ್ಲ, ಪೀಪಾಯಿಯಿಂದ ಬಂದ ಹಾಗೇ ಬಾಟಲಿಗೆ. ನಮಗೆ ಸಿಕ್ಕಿದ್ದು 2020ರದ್ದು. ಲೇಬಲ್ ಮೇಲೆ 134.5 ಪ್ರೂಫ್. ಪ್ರೂಫಿನ ಅರ್ಧ ಆಲ್ಕೋಹಾಲ್ ಪ್ರಮಾಣ, ಅಂದರೆ 67.25%. (ಇನ್ನೊಂದು ಸ್ವಲ್ಪ ಏರಿ 140 ಪ್ರೂಫ್ ದಾಟಿದರೆ ವಿಮಾನದಲ್ಲಿ ಒಯ್ಯುವ ಹಾಗೇ ಇಲ್ಲ. ಅಂಥವಕ್ಕೆ ಇಲ್ಲಿನವರು ಹ್ಯಾಜ್‌ಮ್ಯಾಟ್, ಅಂದರೆ ಅಪಾಯಕಾರಿ ಸರಕು, ಅಂತ ಹೆಮ್ಮೆಯಿಂದ ಹೆಸರಿಟ್ಟಿದ್ದಾರೆ.) ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾರಿದವನು ಒಂದು ಮುಚ್ಚಿದ ಚಾಟ್ ಗುಂಪಿನಲ್ಲಿದ್ದವನು. ಡಿವೋರ್ಸ್ ಆಗುತ್ತಿದೆ, ಕಲೆಕ್ಷನ್ ಖಾಲಿ ಮಾಡುತ್ತಿದ್ದೇನೆ ಅಂದ. ಹಣವನ್ನು ಆ್ಯಪಿನಲ್ಲಿ 'ಗೆಳೆಯರಿಗೆ ಕಳಿಸುವ' ಬಗೆಯಲ್ಲೇ ಕಳಿಸಬೇಕು, ಕಮಿಷನ್ ಉಳಿಯುತ್ತದೆ ಅಂದ. ಪಾರ್ಕಿಂಗ್ ಜಾಗದಲ್ಲಿ ಭೇಟಿ. ಬಾಟಲಿ ಕೈಗೆ ಕೊಟ್ಟು 'ಆರಾಮಾಗಿ ನೋಡಿ' ಅಂತ ಪಕ್ಕಕ್ಕೆ ಹೋಗಿ ನಿಂತ. ನೋಡಿದೆವು. ಗಾಜು ಸರಿ, ಲೇಬಲ್ ಸರಿ, ಅಕ್ಷರದ ಅಚ್ಚು ಸರಿ. ಗಾಜಿನ ಮೇಲೆ ಲೇಸರಿನಲ್ಲಿ ಕೊರೆದ ಸಂಖ್ಯೆಯೂ ಸರಿ. ಬಫಲೊ ಟ್ರೇಸಿನವರು ಅದರಲ್ಲಿ ವರ್ಷ ಮತ್ತು ವರ್ಷದ ಎಷ್ಟನೇ ದಿನ ಬಾಟಲಿ ತುಂಬಿದ್ದು ಅನ್ನೋದನ್ನು ಹಾಕುತ್ತಾರೆ, ಅದೂ ಹೊಂದಿತು. ಹೊಂದದೇ ಇರೋದಕ್ಕೆ ಹೇಗೆ ಸಾಧ್ಯ? ಬಾಟಲಿ ಅಸಲಿಯೇ. ಒಳಗಿನದ್ದು ಮಾತ್ರ ಬೇರೆ.

ತೆರೆದದ್ದು ಗುಟ್ಟಿನ ಪರೀಕ್ಷೆಯ ದಿನ, ಅಂದರೆ ಯಾವ ಗ್ಲಾಸಿನಲ್ಲಿ ಯಾವುದು ಅಂತ ಗೊತ್ತಿಲ್ಲದೆ ಕುಡಿದು ನೋಡುವ ದಿನ. ಹಾಸನದ ಗೆಳೆಯ ಒಬ್ಬನೇ ಒಳಗೆ ಹೋಗಿ ಸುರಿದು ತಂದ. ಗ್ಲಾಸಿನ ತಳಕ್ಕೆ ಚೀಟಿ, ಪಕ್ಕದಲ್ಲಿ ಕಾಂಗ್ರೆಸ್ ಕಡ್ಲೆಬೀಜ. ಮೇಕರ್ಸ್ ಮಾರ್ಕ್, ಲಾರ್ಸನಿ, ಓಲ್ಡ್ ಫಿಟ್ಜೆರಾಲ್ಡ್, 107 ಪ್ರೂಫಿನ ವೆಲ್ಲರ್ ಆಂಟೀಕ್ (ಹೆಸರು ಹಾಗಿದ್ದರೂ ಇದು ಆ ಆಂಟೀಕ್ ಕಲೆಕ್ಷನ್‌ನದ್ದಲ್ಲ), ಜೊತೆಗೆ ನಮ್ಮ ಹೊಸ ಅತಿಥಿ. ಎಲ್ಲರೂ ವೆಲ್ಲರ್ ಆಂಟೀಕಿಗೆ ಮೊದಲ ಸ್ಥಾನ ಕೊಟ್ಟೆವು. ಒಂದು ಗ್ಲಾಸಿಗೆ ಎಲ್ಲರೂ 'ಚಪ್ಪೆ' ಅಂತ ಬರೆದಿದ್ದೆವು. ಚೀಟಿ ತೆಗೆದರೆ ಅದೇ 1,200 ಡಾಲರ್.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಗೆಳೆಯ, 'ಅಷ್ಟು ಸ್ಟ್ರಾಂಗ್ ಇದ್ದರೂ ಗೊತ್ತಾಗೋದಿಲ್ಲ ನೋಡು, ಅದೇ ಇದರ ಹೆಚ್ಚುಗಾರಿಕೆ' ಅಂದ. ಇಷ್ಟು ದುಡ್ಡು ಕೊಟ್ಟ ಮೇಲೆ ನಾಲಿಗೆಯನ್ನೇ ಬೈಯೋದು ಸುಲಭ, ಅಲ್ವಾ? ಆದರೆ 67% ಇರುವ ವಿಸ್ಕಿ ಮೂಗಿಗೆ ಹಿಡಿದರೆ ಕಣ್ಣಿಗೇ ಗೊತ್ತಾಗಬೇಕು. ಇದನ್ನು ಮೂಗಿನ ಕೆಳಗೆ ಎಷ್ಟು ಹೊತ್ತು ಇಟ್ಟುಕೊಂಡರೂ ಏನೂ ಆಗಲಿಲ್ಲ. ಫಿಲ್ಟರ್ ಮಾಡದ ಬರ್ಬನ್‌ಗೆ ತಣ್ಣೀರು, ಐಸು ಹಾಕಿದರೆ ಸಾಮಾನ್ಯವಾಗಿ ಸ್ವಲ್ಪ ಮಬ್ಬಾಗುತ್ತದೆ. ಇದಕ್ಕೆ ಐಸ್ ಹಾಕಿದೆವು. ತಿಳಿ ನೀರಿನ ಹಾಗೆ ಹಾಗೇ ನಿಂತಿತ್ತು.

ಗುಂಪಿನಲ್ಲೊಬ್ಬ ಮನೆಯಲ್ಲೇ ಬಿಯರ್ ಮಾಡುವವನು. ಅವನ ಹತ್ತಿರ ಸ್ಪಿರಿಟ್ ಅಳೆಯುವ ಗಾಜಿನ ತೇಲುಕಡ್ಡಿ ಇತ್ತು. ಸಕ್ಕರೆ ಬೆರೆಸಿದ ಮದ್ಯದಲ್ಲಿ ಅದು ತಪ್ಪು ತೋರಿಸುತ್ತದೆ, ಬರ್ಬನ್‌ನಲ್ಲಿ ಬಣ್ಣ, ಸಿಹಿ ಏನೂ ಬೆರೆಸುವ ಹಾಗಿಲ್ಲದ್ದರಿಂದ ಹೆಚ್ಚುಕಮ್ಮಿ ಸರಿಯಾಗೇ ತೋರಿಸುತ್ತದೆ. ಮೊದಲು ಆಂಟೀಕ್ ಸುರಿದು ನೋಡಿದೆವು. 53% ಹತ್ತಿರ ನಿಂತಿತು, ಲೇಬಲ್ಲಿನ 107 ಪ್ರೂಫಿಗೆ ಹೊಂದಿತು. ಆಮೇಲೆ ನಮ್ಮದು. 67ರ ಗೆರೆ ಎಲ್ಲೋ, ಕಡ್ಡಿ ಎಲ್ಲೋ. 45ರ ಪಕ್ಕದಲ್ಲಿ ಅಲುಗಾಡುತ್ತಾ ನಿಂತುಬಿಟ್ಟಿತು. ಮೇಕರ್ಸ್ ಮಾರ್ಕಿನ ಆಲ್ಕೋಹಾಲ್ ಪ್ರಮಾಣ ಎಷ್ಟು ಗೊತ್ತೇ? ಸರಿಯಾಗಿ 45%. ಅದೇ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಎರಡೂ ಗ್ಲಾಸು ಪಕ್ಕದಲ್ಲಿಟ್ಟು ಕುಡಿದಾಗ ನಮಗ್ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ, ಅಷ್ಟೇ.

ಬಾಟಲಿಯನ್ನು ಟೇಬಲ್ ಲ್ಯಾಂಪಿನ ಕೆಳಗೆ ಹಿಡಿದೆವು. ಬಿರಡೆಯ ಮೇಲಿನ ಕವಚವನ್ನು ಗೆಳೆಯ ತೆರೆಯುವಾಗ ಕೊಯ್ದದ್ದು ಮೇಲ್ಭಾಗದಲ್ಲಿ. ಉಳಿದ ಭಾಗ ಪೂರ್ತಿ ಬಿಚ್ಚಿದರೆ ಅದಕ್ಕಿಂತ ಕೆಳಗೆ, ಗಾಜಿನ ಮೇಲೆ, ಕೂದಲೆಳೆಯಷ್ಟು ತೆಳುವಾದ ಒಂದು ಗೀರು ಸುತ್ತಲೂ ಇತ್ತು. ಹಿಂದೆ ಯಾರೋ ಬ್ಲೇಡು ಆಡಿಸಿದ ಗುರುತು. ಹಳೇ ಕವಚ ಕೊಯ್ದು ತೆಗೆದು, ಕುಡಿದು ಮುಗಿಸಿ, ತುಂಬಿ, ಹೊಸದು ಹಾಕಿದ್ದಾರೆ. ಬಿರಡೆಯ ಕೆಳತುದಿಯ ಒಂದು ಅಂಚು ಆಗಲೇ ಪುಡಿಯಾಗಿತ್ತು. ಕವಚ ಮುಚ್ಚಿರುವ ತನಕ ಇದ್ಯಾವುದೂ ಕಾಣುವುದಿಲ್ಲ.

ಮಾರಿದವನಿಗೆ ಮೆಸೇಜ್ ಹಾಕಿದೆವು. ಓದಿದ, ಬ್ಲಾಕ್ ಮಾಡಿದ. ಆ್ಯಪಿನವರು 'ಗೆಳೆಯರಿಗೆ ಕಳಿಸಿದ ಹಣಕ್ಕೆ ನಮ್ಮ ರಕ್ಷಣೆ ಇಲ್ಲ' ಅಂದರು. ಚಾಟ್ ಗುಂಪು ನಡೆಸುವವನು ನಮ್ಮ ಪೋಸ್ಟನ್ನೇ ಅಳಿಸಿದ. ಪೊಲೀಸರ ಹತ್ತಿರ ಏನಂತ ಹೋಗೋದು? ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದೇ ಇಲ್ಲಿ ಅಪರಾಧ. ಕಳ್ಳನಿಗೆ ಇದೇ ಬೇಕಿರುವುದು. ರಸೀದಿ ಇಲ್ಲ, ದೂರು ಇಲ್ಲ. ಅಂಚೆಯಲ್ಲಿ ಮದ್ಯ ಕಳಿಸುವ ಹಾಗಿಲ್ಲ, ಕೊರಿಯರ್ ಕಂಪನಿಗಳೂ ಲೈಸೆನ್ಸ್ ಇದ್ದವರಿಂದ ಮಾತ್ರ ತಗೊಳ್ಳುತ್ತವೆ. ಹಾಗಾಗಿ ಪಾರ್ಸೆಲ್ಲಿನಲ್ಲಿ ತರಿಸಿ ಮೋಸ ಹೋದವರ ಬಾಯಿ ಇನ್ನೂ ಗಟ್ಟಿಯಾಗಿ ಮುಚ್ಚಿರುತ್ತದೆ.

ಈ ದಂಧೆಗೆ ಬೇಕಾದ ಕಚ್ಚಾಮಾಲು ಏನು ಗೊತ್ತೇ? ಖಾಲಿ ಬಾಟಲಿ. ಖಾಲಿ ಪ್ಯಾಪಿ ಬಾಟಲಿಗೇ ಆನ್‌ಲೈನಿನಲ್ಲಿ ಒಳ್ಳೆ ಬೆಲೆ ಇದೆ. 'ಶೋಕೇಸಿಗೆ, ದೀಪ ಮಾಡೋದಕ್ಕೆ' ಅಂತ ತಗೊಳ್ಳುತ್ತಾರೆ. ಕೆಲವರು ನಿಜಕ್ಕೂ ದೀಪವೇ ಮಾಡುತ್ತಾರೆ, ಇಲ್ಲ ಅನ್ನುವುದಿಲ್ಲ. ಪ್ಯಾಪಿ ನಕಲಿ ಮಾಡುವವರಿಗೆ ಇನ್ನೊಂದು ಅನುಕೂಲ ಇದೆ. ಅದೂ ವೆಲ್ಲರೂ ಒಂದೇ ಡಿಸ್ಟಿಲರಿಯ ಒಂದೇ ಗೋಧಿ ಪಾಕ. 12 ವರ್ಷದ ವೆಲ್ಲರ್ ಮತ್ತು ಆಂಟೀಕ್ ಬೆರೆಸಿ 'ಬಡವರ ಪ್ಯಾಪಿ' ಅಂತ ಮನೆಯಲ್ಲೇ ಮಾಡಿಕೊಳ್ಳುವ ಪದ್ಧತಿ ಕುಡಿಯುವವರಲ್ಲಿ ಬಹಳ ಹಳೆಯದು. ಅದನ್ನೇ ಪ್ಯಾಪಿ ಬಾಟಲಿಗೆ ತುಂಬಿದರೆ ಎಂಥ ನಾಲಿಗೆಯಾದರೂ ತಡವರಿಸುತ್ತದೆ. ನಮ್ಮ ಕಳ್ಳ ಜಿಪುಣ, ಅಷ್ಟೂ ಖರ್ಚು ಮಾಡಲಿಲ್ಲ. ಅದರಿಂದಲೇ ಮೋಸ ಬಯಲಾಯಿತು.

ಕುಡಿಯುವವನು ಒಂದಲ್ಲ ಒಂದು ದಿನ ಕಂಡುಹಿಡಿಯುತ್ತಾನೆ. ಕೂಡಿಡುವವನು ಕಂಡುಹಿಡಿಯುವುದೇ ಇಲ್ಲ. ನಾಲ್ಕು ವರ್ಷ ಕಪಾಟಿನಲ್ಲಿಟ್ಟು ಲಾಭಕ್ಕೆ ಇನ್ನೊಬ್ಬನಿಗೆ ಮಾರುತ್ತಾನೆ, ಅವನು ಮತ್ತೊಬ್ಬನಿಗೆ. ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳ ಸಂಶೋಧನಾ ಕೇಂದ್ರವೊಂದು 2018ರಲ್ಲಿ ಅಪರೂಪದ 55 ಸ್ಕಾಚ್ ಬಾಟಲಿಗಳ ವಯಸ್ಸು ತಿಳಿಯಲು ಕಾರ್ಬನ್ ಪರೀಕ್ಷೆ ಮಾಡಿತು. 21 ನಕಲಿ, ಇಲ್ಲವೇ ಲೇಬಲ್ಲಿನಲ್ಲಿದ್ದ ವರ್ಷದ್ದಲ್ಲ. ಅದರ ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನ ಹೋಟೆಲೊಂದರಲ್ಲಿ ಚೀನಾದ ಒಬ್ಬ ಲೇಖಕ 1878ರ ಮೆಕ್ಯಾಲನ್ ಅಂತ ಒಂದೇ ಗ್ಲಾಸಿಗೆ 9,999 ಫ್ರಾಂಕ್ ಕೊಟ್ಟಿದ್ದ. ಪರೀಕ್ಷೆ ಮಾಡಿಸಿದರೆ ಅದು 1970ರ ದಶಕದ ಶುರುವಿನ ಬ್ಲೆಂಡೆಡ್ ವಿಸ್ಕಿ. ಹೋಟೆಲಿನವರಿಗೂ ಗೊತ್ತಿರಲಿಲ್ಲ, ದುಡ್ಡು ವಾಪಸ್ ಕೊಟ್ಟರು. ಬರ್ಬನ್ ವಿಷಯಕ್ಕೆ ಬಂದರೆ, 2021ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದರವರು ನ್ಯೂಯಾರ್ಕಿನ ಅಂಗಡಿಯಿಂದ ಕೊಂಡ ದುಬಾರಿ ಇ.ಎಚ್. ಟೇಲರ್ ಬರ್ಬನ್ ಬಾಟಲಿಯನ್ನು, ಅದನ್ನು ತಯಾರಿಸುವ ಬಫಲೊ ಟ್ರೇಸಿಗೇ ಒಯ್ದರು. ಅವರು ನಕಲಿ ಅಂದರು. ಹಾಗಾಗಿ ಅಂಗಡಿ ಅಂದ ತಕ್ಷಣ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ.

ಇದೇನೂ ಹೊಸ ಕಾಯಿಲೆ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ವಿಸ್ಕಿಗೆ ಅಯೋಡಿನ್, ತಂಬಾಕು ಹಾಕಿ ಬಣ್ಣ ಬರಿಸಿ ಮಾರುತ್ತಿದ್ದರು. ಅದಕ್ಕೇ ಓಲ್ಡ್ ಫಾರೆಸ್ಟರ್‌ನವರು 1870ರಲ್ಲಿ ಸೀಲ್ ಮಾಡಿದ ಬಾಟಲಿಯಲ್ಲಿ ಮಾತ್ರ ಮಾರಲು ಶುರುಮಾಡಿದ್ದು, 1897ರಲ್ಲಿ 'ಬಾಟಲ್ಡ್ ಇನ್ ಬಾಂಡ್' ಕಾನೂನು ಬಂದದ್ದು. ಒಂದೇ ಡಿಸ್ಟಿಲರಿ, ಒಂದೇ ಋತುವಿನ ಮಾಲು, ಸರಕಾರದ ಕಾವಲಿನ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಸರಿಯಾಗಿ 100 ಪ್ರೂಫ್. ಆಗ ಬಿರಡೆಯ ಮೇಲೆ ಸರಕಾರದ ಪಟ್ಟಿಯೂ ಇರುತ್ತಿತ್ತು. ಆ ಪಟ್ಟಿಯ ನಿಯಮವನ್ನು 1985ರಲ್ಲಿ ಕೈಬಿಟ್ಟರು. ಕರ್ನಾಟಕದಲ್ಲಿ ಕ್ವಾರ್ಟರ್ ಬಾಟಲಿಗೂ ಅಬಕಾರಿ ಲೇಬಲ್ ಅಂಟಿರುತ್ತದೆ. ಇಲ್ಲಿ ಸಾವಿರ ಡಾಲರಿನ ಬಾಟಲಿಗೆ ಅದೂ ಇಲ್ಲ.

ಅಪರೂಪದ್ದು ಬೇಕೇ ಬೇಕು ಅನ್ನುವವರಿಗೆ: ಕೆಂಟಕಿಯಲ್ಲಿ 2018ರಿಂದ ಲೈಸೆನ್ಸ್ ಇರುವ ಅಂಗಡಿಗಳು ಖಾಸಗಿಯವರಿಂದ ಹಳೇ ಬಾಟಲಿ ಕೊಂಡು ಮಾರಬಹುದು. ಬೆಲೆ ಜಾಸ್ತಿ, ಆದರೆ ರಸೀದಿ ಸಿಗುತ್ತದೆ, ಜಗಳಕ್ಕೆ ಒಂದು ವಿಳಾಸ ಇರುತ್ತದೆ. ಅಂಥ ಕಡೆಯೂ ಕೊಂಡ ವಾರದಲ್ಲೇ ತೆರೆಯಿರಿ. ಬ್ಲಾಂಟನ್ಸ್ ತರಹದ್ದಾದರೆ ಲೇಬಲ್ಲಿನ ಮೇಲೆ ಪೀಪಾಯಿಯ ಸಂಖ್ಯೆ, ಸುರಿದ ದಿನ ಬರೆದಿರುತ್ತದೆ. ಮಾರುವವನ ಬೇರೆ ಬಾಟಲಿಗಳಲ್ಲೂ ಅದೇ ಸಂಖ್ಯೆ ಮತ್ತೆ ಮತ್ತೆ ಕಂಡರೆ ಹಿಂದೆ ಸರಿಯಿರಿ. ಎಲ್ಲಕ್ಕಿಂತ ಮೊದಲು ಪರಿಚಯದವರು ಅಸಲಿ ಬಾಟಲಿ ತೆರೆದಾಗ ಒಂದು ಗುಟುಕು ಕುಡಿದಿರಿ. ಅಸಲಿಯ ರುಚಿಯೇ ಗೊತ್ತಿಲ್ಲದವನಿಗೆ ಟೋಪಿ ಹಾಕೋದು ಬಹಳ ಸುಲಭ.

ಊರಿನಲ್ಲಿರುವವರಿಗೂ ಒಂದು ಮಾತು. 'ಏರ್‌ಪೋರ್ಟ್ ಮಾಲು, ಡ್ಯೂಟಿ ಫ್ರೀ' ಅಂತ ಅರ್ಧ ಬೆಲೆಗೆ ಮನೆಬಾಗಿಲಿಗೆ ಬರುವ ಬಾಟಲಿ ಇದರ ಅಣ್ಣ. ನಮಗೆ ಹೋದದ್ದು ದುಡ್ಡು ಮಾತ್ರ. ಅಲ್ಲಿ ಒಳಗೆ ಏನು ತುಂಬಿರುತ್ತಾರೋ ಹೇಳೋದಕ್ಕಾಗುವುದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅತ್ತೆ ಮನೆಯವರು ಕೇಳಿದರೆ ಬರುವಾಗ ನಿಮ್ಮ ಎರಡು ಲೀಟರಿನ ಡ್ಯೂಟಿ ಫ್ರೀ ಮಿತಿಯಲ್ಲಿ ನೀವೇ ತಂದುಕೊಡಿ.

ಆ 1,200 ಡಾಲರಿಗೆ ಏನೇನು ಬರುತ್ತಿತ್ತು ಅನ್ನೋ ಲೆಕ್ಕ ಹಾಕಿ ಹೊಟ್ಟೆ ಉರಿಸಿಕೊಂಡಿದ್ದೇವೆ. ಗೋಧಿಯದ್ದೇ ಬೇಕು, ಜೋರಾಗಿಯೂ ಇರಬೇಕು ಅಂದರೆ ಮೇಕರ್ಸ್ ಮಾರ್ಕ್ ಕ್ಯಾಸ್ಕ್ ಸ್ಟ್ರೆಂತ್ ಇದೆ, ಕಪಾಟಿನಲ್ಲೇ ಸಿಗುತ್ತದೆ (ಕ್ಯಾಸ್ಕ್ ಸ್ಟ್ರೆಂತ್, ಬ್ಯಾರೆಲ್ ಪ್ರೂಫ್ ಅಂದರೆ ನೀರು ಬೆರೆಸದ್ದು). ಲಾರ್ಸನಿ ಬ್ಯಾರೆಲ್ ಪ್ರೂಫ್ ನನಗೆ ಅದಕ್ಕಿಂತ ಇಷ್ಟ, ಹಾಸನದವನು ಒಪ್ಪುವುದಿಲ್ಲ. ರೈ ಖಾರದ್ದು ಬೇಕಾದರೆ ವೈಲ್ಡ್ ಟರ್ಕಿ 101 ಕೊಡುವಷ್ಟು ಸುಖವನ್ನು ಆ ಬೆಲೆಗೆ ಬೇರೆ ಯಾವುದೂ ಕೊಡುವುದಿಲ್ಲ, ಇದರಲ್ಲಿ ನಾನು ಯಾರ ಮಾತೂ ಕೇಳೋನಲ್ಲ. ಕೂಡಿಡುವ ಚಟದವರಿಗೆ ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್. ವರ್ಷಕ್ಕೆ ಮೂರು ಸಲ ಬರುತ್ತದೆ, ಪ್ರತಿ ಸಲಕ್ಕೂ ಬೇರೆ ಗುರುತು. ಸಿ923 ಅಂದರೆ 2023ರ ಸೆಪ್ಟೆಂಬರಿನ ಮೂರನೇ ಕಂತು. ಸಾಲಾಗಿ ಜೋಡಿಸಿಡಬಹುದು, ಹೋಲಿಸಿ ಕುಡಿಯಬಹುದು, ಯಾರೂ ನಕಲಿ ಮಾಡುವಷ್ಟು ದುಬಾರಿಯೂ ಅಲ್ಲ. ನಮ್ಮೂರಿನ ಅಭಿಮಾನಕ್ಕೆ ಪಕ್ಕದಲ್ಲೊಂದು ಅಮೃತ್ ಫ್ಯೂಷನ್ ಇಟ್ಟುಕೊಳ್ಳಿ.

ಅಪರೂಪದ ಬಾಟಲಿ ಖಾಲಿಯಾದರೆ ದಯವಿಟ್ಟು ಮಾರಬೇಡಿ, ಹಾಗೇ ಕಸಕ್ಕೂ ಹಾಕಬೇಡಿ. ಲೇಬಲ್ ಮೇಲೆ ಮೊಳೆಯಿಂದ ಅಡ್ಡಡ್ಡ ಗೀರಿ, ಬಿರಡೆ ಬೇರೆ ಎಸೆಯಿರಿ.

ಇನ್ನೊಂದು ವಿಷಯ. ನಮಗೆ ಮಾರಿದವನು ಈಗ ಬೇರೆ ಹೆಸರಿನಲ್ಲಿ ಬಂದಿರುವ ಹಾಗಿದೆ. ಈ ಸಲ ಜಾರ್ಜ್ ಟಿ. ಸ್ಟ್ಯಾಗ್, ಕಥೆಯೂ ಬೇರೆ. ಆದರೆ ಫೋಟೊದಲ್ಲಿ ಬಾಟಲಿ ನಿಂತಿರುವ ಅಡುಗೆ ಕಟ್ಟೆ ಅದೇ: ಕಂದು ಗ್ರಾನೈಟ್, ಎಡಗಡೆ ಅಂಚು ಸ್ವಲ್ಪ ಮುಕ್ಕಾಗಿದೆ, ಹಿಂದೆ ಬಿಳಿ ಟೈಲ್ಸ್. ಓಹಾಯೋ, ಇಂಡಿಯಾನಾ ಕಡೆಯವರು ಇಂಥ ಫೋಟೊ ಕಂಡರೆ ಉತ್ತರ ಕೊಡೋದಕ್ಕೂ ಹೋಗಬೇಡಿ. ಆಗಲೇ ದುಡ್ಡು ಕಳಿಸಿದವರಿದ್ದರೆ ಬಾಟಲಿ ತೆರೆಯುವ ಮೊದಲು ಕವಚವನ್ನು ಪೂರ್ತಿ ಬಿಚ್ಚಿ, ಕುತ್ತಿಗೆಯ ಗಾಜನ್ನು ದೀಪಕ್ಕೆ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ.