14 ಚಕ್ರವೋ, 16 ಚಕ್ರವೋ: ಲಿಫ್ಟ್ ಆಕ್ಸಲ್ ಲೆಕ್ಕ

ಮಂಗಳೂರು ಬಂದರಿನಿಂದ ಶಿರಾಡಿ ಹತ್ತಿ ಬೆಂಗಳೂರಿಗೆ ಲೋಡು, ವಾಪಸು ಬಹುಪಾಲು ಖಾಲಿ. ಈ ಬಾಡಿಗೆಗೆ 14 ಚಕ್ರದ ಲಾರಿಯೇ ಸರಿ. ಅದರ ಲಿಫ್ಟ್ ಆಕ್ಸಲ್‌ಗೆ (ಖಾಲಿ ಇದ್ದಾಗ ನೆಲದಿಂದ ಎತ್ತಿಡುವ ಆಕ್ಸಲ್) ಪಕ್ಕಕ್ಕೊಂದೇ ಟೈರು, ತಿರುವಿನಲ್ಲಿ ತಾನೇ ತಿರುಗುವಂಥದ್ದು. 16 ಚಕ್ರದ್ದರಲ್ಲಿ ಅದೇ ಜಾಗಕ್ಕೆ ಜೋಡಿ ಟೈರು, ಸಾಮಾನ್ಯವಾಗಿ ತಿರುಗದ ಆಕ್ಸಲ್. ಲಾರಿ, ಲೋಡು ಸೇರಿ ಒಟ್ಟು ತೂಕ 42 ಟನ್ ಬದಲು 47.5. ಆ ಐದೂವರೆ ಟನ್ನಿಗೇ ಎಲ್ಲರೂ ಮರುಳಾಗುವುದು.

ತಿರುಗದ ಜೋಡಿ ಟೈರು ಘಟ್ಟದ ತಿರುವಿನಲ್ಲಿ ಉರುಳುವುದಕ್ಕಿಂತ ಅಡ್ಡಕ್ಕೆ ಉಜ್ಜುವುದೇ ಹೆಚ್ಚು. ಕೈಯಾಡಿಸಿದರೆ ಅಂಚು ಗರಗಸದ ಹಲ್ಲಿನಂತೆ ತಾಗುತ್ತದೆ. ಒಳಟೈರಿನ ಗಾಳಿ ನೋಡುವ ಡ್ರೈವರ್ ಸಿಗುವುದೂ ಅಪರೂಪ.

ತಿರುಗುವ ಆಕ್ಸಲ್‌ನ ದೊಡ್ಡ ತಲೆನೋವು ರಿವರ್ಸ್. ಚಕ್ರ ತನ್ನ ಕಿಂಗ್‌ಪಿನ್ (ಅದು ಎಡಬಲಕ್ಕೆ ಹೊರಳುವ ಕೀಲು) ಹಿಂದೆ ಎಳೆದುಕೊಂಡು ಬರುವುದರಿಂದ ಮುಂದೆ ಹೋಗುವಾಗ ನೇರ ನಿಲ್ಲುತ್ತದೆ. ಹಿಂದಕ್ಕೆ ತಳ್ಳಿದರೆ ಸರಕ್ಕನೆ ಒಂದು ಕಡೆಗೆ ಹೊರಳಿ ಸ್ಟಾಪರ್‌ಗೆ ಬಡಿಯುತ್ತದೆ. ಹಾಗೆ ಹೊಡೆದುಕೊಂಡೇ ಎರಡೂ ಕಡೆಯ ಚಕ್ರ ಜೋಡಿಸುವ ಟೈ ರಾಡ್ ಬಾಗುವುದು, ಬುಷ್ ಸವೆಯುವುದು. ರಿವರ್ಸ್ ಗೇರಿಗೆ ಲಾಕ್ ಬೀಳುವ ಅಥವಾ ಆಕ್ಸಲ್ ತಾನೇ ಏಳುವ ವ್ಯವಸ್ಥೆ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಇಲ್ಲದಿದ್ದರೆ ಎತ್ತಿಯೇ ಹಿಂದಕ್ಕೆ ಹಾಕಬೇಕು. ಆದರೆ ಲೋಡಿದ್ದಾಗ ಎತ್ತಿದರೆ ಆ ಭಾರ ಬಹುಪಾಲು ಹಿಂದಿನ ಜೋಡಿ ಆಕ್ಸಲ್ ಮೇಲೆ, ಅದರ ಮಿತಿ 21 ಟನ್. ಗೋಡೌನ್ ಮುಂದೆ ಹತ್ತಿಪ್ಪತ್ತು ಮೀಟರ್ ಸರಿ, ರಸ್ತೆಗಲ್ಲ. 50–60ರ ವೇಗದಲ್ಲಿ ಚಕ್ರ ಅದುರಿದರೆ ಮೊದಲು ಅದುರು ತಡೆಯುವ ಡ್ಯಾಂಪರ್‌ನಲ್ಲಿ ಎಣ್ಣೆ ಸೋರಿದೆಯೇ ನೋಡಿ. ಆಮೇಲೆ ಆಕ್ಸಲ್ ಎತ್ತಿ ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ: ಸಡಿಲ ಕಂಡರೆ ಕಿಂಗ್‌ಪಿನ್ ಬುಷ್ ಅಥವಾ ಹಬ್ ಬೇರಿಂಗ್ ಸವೆದಿದೆ.

ಆಕ್ಸಲನ್ನು ನೆಲಕ್ಕೆ ಒತ್ತುವ ಬೆಲ್ಲೋ (ಗಾಳಿಚೀಲ) ಒತ್ತಡ ಎರಡೂ ಲಾರಿಗೆ ಕಣ್ಣಂದಾಜಲ್ಲ. ಪೂರ್ತಿ ಲೋಡಿನಲ್ಲಿ ವೇಬ್ರಿಜ್ ಮೇಲೆ ಹಿಂದಿನ ಜೋಡಿಯನ್ನಷ್ಟೇ ನಿಲ್ಲಿಸಿ, 21ರೊಳಗೆ ಬರುವವರೆಗೆ ರೆಗ್ಯುಲೇಟರ್ ತಿರುಗಿಸಿ, ಗೇಜಿನ ಮೇಲೆ ಬಣ್ಣದ ಗೆರೆ ಎಳೆಯಿರಿ. ಹೆಚ್ಚು ಗಾಳಿ ಕೊಟ್ಟರೆ ಎಳೆಯುವ ಚಕ್ರ ಹಗುರಾಗಿ, ಮಳೆಗಾಲದ ಏರಿನಲ್ಲಿ ನಿಂತಲ್ಲೇ ತಿರುಗುತ್ತದೆ.

ರಾತ್ರಿ ಎತ್ತಿಟ್ಟದ್ದು ಬೆಳಿಗ್ಗೆ ಇಳಿದಿದ್ದರೆ ಆಕ್ಸಲ್ ಎತ್ತುವ ಲಿಫ್ಟ್ ಬೆಲ್ಲೋಗೆ ಸೋಪು ನೀರು ಹಚ್ಚಿ, ಗಾಳಿ ಸೋರುತ್ತಿದೆಯೇ ನೋಡಿ.

ಹಳೇ 12 ಚಕ್ರದ ಲಾರಿಗೆ ಹೊರಗಿನ ಗ್ಯಾರೇಜಿನಲ್ಲಿ ಲಿಫ್ಟ್ ಆಕ್ಸಲ್ ಕೂರಿಸುವ ಮಾತು ಬೇಡ, ಆರ್‌ಸಿಯಲ್ಲಿ ತೂಕ ಏರುವುದಿಲ್ಲ.

ಎರಡೂ ಕಡೆ ಲೋಡು, ಬಯಲುಸೀಮೆಯ ನೇರ ರಸ್ತೆ, ಟನ್ ಲೆಕ್ಕದ ಬಾಡಿಗೆ ಇದ್ದರೆ 16 ಚಕ್ರದ್ದು ತೆಗೆದುಕೊಳ್ಳಿ. ಘಟ್ಟದ ಗಾಡಿಗೆ ಆ ಎರಡು ಟೈರಿನ ದುಡ್ಡು ಡೀಸೆಲ್‌ಗಿರಲಿ.