ಕುಂಭಕೋಣಂ ಕಡೆ ಹೋಗೋರು ಓದಿ: "ಹಳೇ ಪಂಚಲೋಹದ ನಟರಾಜ" ಅಂದ್ರೆ ಅಲ್ಲಿಂದ ಎದ್ದು ಬನ್ನಿ

ಮಗಳ ರಂಗಪ್ರವೇಶಕ್ಕೆ ವೇದಿಕೆ ಮೇಲೆ ಇಡೋಕೆ ಒಂದು ಒಳ್ಳೇ ನಟರಾಜ ಬೇಕು ಅಂತ ನಮ್ಮನೇಲಿ ಒಂದು ವರ್ಷದಿಂದ ಮಾತು ನಡೀತಿತ್ತು. ಅಮ್ಮನ್ನ ಕರ್ಕೊಂಡು ನವಗ್ರಹ ಕ್ಷೇತ್ರಗಳ ದರ್ಶನಕ್ಕೆ ಹೋದಾಗ ಅಲ್ಲೇ ತಗೊಂಡ್ಬಿಡೋಣ, ಹೆಂಗೂ ಕುಂಭಕೋಣಂ ಪಕ್ಕದಲ್ಲೇ ಸ್ವಾಮಿಮಲೈ ಇದೆ, ತಲೆತಲಾಂತರದಿಂದ ಎರಕ ಹೊಯ್ಯೋ ಸ್ಥಪತಿಗಳ ಊರು ಅಂದ್ಕೊಂಡ್ವಿ. ಆದ್ರೆ ಸ್ವಾಮಿಮಲೈ ಒಳಗೆ ನಾವು ಕಾಲೇ ಇಡ್ಲಿಲ್ಲ. ಟ್ಯಾಕ್ಸಿ ಡ್ರೈವರ್ "ಅಲ್ಲಿ ರೇಟ್ ಜಾಸ್ತಿ ಸಾರ್, ನಮಗೆ ಗೊತ್ತಿರೋರ ಅಂಗಡಿ ಇದೆ" ಅಂತ ಮೇನ್ ರೋಡ್ ಪಕ್ಕದ ಒಂದು ಅಂಗಡಿಗೆ ಕರ್ಕೊಂಡು ಹೋದ್ರು, ಅಲ್ಲಿ 85 ಸಾವಿರ ಕಳ್ಕೊಂಡು ಬಂದ್ವಿ.

ಅಂಗಡಿಯವರು ಕೆಳಗಡೆ ಇಟ್ಟಿದ್ದನ್ನೆಲ್ಲ ತೋರಿಸಿ ಆಮೇಲೆ ಮೆಲ್ಲಗೆ ಮಹಡಿಗೆ ಕರೆದ್ರು. ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಒಂದೂವರೆ ಅಡಿ ನಟರಾಜನ್ನ ಬಿಚ್ಚಿ ಮುಂದಿಟ್ರು. ಮೈತುಂಬ ಹಸಿರು ಕಿಲುಬು, ಕಾಲ ಕೆಳಗಿರೋ ಅಪಸ್ಮಾರ ಅನ್ನೋ ಕುಳ್ಳ ಅಸುರನ ಬಲಗೈ ಬೆರಳು ಮುರಿದಿದೆ. "ಇದು ಹೊರಗಡೆ ಇಡೋ ಐಟಂ ಅಲ್ಲ ಸಾರ್, ದೊಡ್ಡ ಮನೆತನದ್ದು, 200 ವರ್ಷದ್ದು, ಒರಿಜಿನಲ್ ಪಂಚಲೋಹ" ಅಂದ್ರು. ಅಮ್ಮ ಅಲ್ಲೇ ಕೈ ಮುಗಿದು ನಿಂತ್ಬಿಟ್ರು, ಅಮ್ಮನ ಮುಖ ನೋಡಿದ್ಮೇಲೆ ನಾನು ಬೇರೆ ಏನೂ ವಿಚಾರ ಮಾಡ್ಲಿಲ್ಲ. ಒಂದೂವರೆ ಲಕ್ಷದಿಂದ 85 ಸಾವಿರಕ್ಕೆ ಇಳಿಸಿದ್ರು, ಕ್ಯಾಶೇ ಬೇಕು ಅಂದ್ರು, ಬಿಲ್ಲಲ್ಲಿ ಮಾತ್ರ "ಹಿತ್ತಾಳೆ ವಿಗ್ರಹ, 9,500" ಅಂತ ಬರೆದ್ರು. ಯಾಕೆ ಅಂತ ಕೇಳಿದ್ರೆ "ಹಳೇದು ಅಂತ ಬರೆದ್ರೆ ದಾರೀಲಿ ಚೆಕಿಂಗ್‌ನಲ್ಲಿ ನಿಮಗೇ ತೊಂದ್ರೆ ಸಾರ್" ಅಂದ್ರು. ಆ ಮಾತು ಕೇಳಿದಾಗ್ಲೇ ಎದ್ದು ಬರ್ಬೇಕಿತ್ತು.

ಬೆಂಗಳೂರಿಗೆ ಬಂದು ಅಮ್ಮ ಪೂಜೆಗೆ ಇಡೋಕೆ ಮುಂಚೆ ಒದ್ದೆ ಬಟ್ಟೇಲಿ ಒರೆಸಿದ್ರು, ಬಿಳೀ ಬಟ್ಟೆ ಪೂರ್ತಿ ಹಸಿರಾಯ್ತು. ನಿಜವಾದ ಹಳೇ ಕಿಲುಬು ಲೋಹಕ್ಕೇ ಕಚ್ಚಿಕೊಂಡಿರತ್ತೆ, ಹಿಂಗೆ ರಂಗೋಲಿ ಪುಡಿ ಥರ ಬಿಟ್ಕೊಂಡು ಬರಲ್ಲ. ಒಳಗಡೆ ಹೊಚ್ಚ ಹೊಸಾ ಹಳದಿ ಬಣ್ಣ ಕಾಣಿಸ್ತು.

ಆಮೇಲೆ ಮಗಳ ಡ್ಯಾನ್ಸ್ ಗುರುಗಳು ಮನೆಗೆ ಬಂದ್ರು. ಮೂರ್ತಿ ಮುಂದೆ ಕೂತು ತುಂಬಾ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ "ಮೊದ್ಲು ಕಿವಿ ನೋಡಿ" ಅಂದ್ರು. ನಟರಾಜನ ಬಲಗಿವೀಲಿ ಗಂಡಸರ ಮಕರಕುಂಡಲ, ಎಡಗಿವೀಲಿ ಹೆಂಗಸರ ಓಲೆ ಇರತ್ತಂತೆ, ಶಿವ ಶಕ್ತಿ ಇಬ್ರೂ ಅದೇ ಮೈಯಲ್ಲಿದ್ದಾರೆ ಅನ್ನೋದಕ್ಕೆ. ನಮ್ಮದ್ರಲ್ಲಿ ಎರಡೂ ಕಡೆ ಒಂದೇ ಥರ ಬಳೆ. ಮೇಲಿನ ಬಲಗೈಲಿ ಸೃಷ್ಟಿಯ ನಾದ ಅನ್ನೋ ಡಮರು ಇರ್ಬೇಕು, ನಡು ಸಣ್ಣಗಿದ್ದು ಬೆರಳ ಮಧ್ಯೆ ಹಿಡಿದಿರೋದು ಕಾಣ್ಬೇಕು, ಇಲ್ಲಿ ಒಂದು ಗುಂಡು ಅಂಟಿಸಿದ ಹಾಗಿದೆ. ಮೇಲಿನ ಎಡಗೈಯ ಲಯದ ಬೆಂಕಿ ಹೆಂಗೋ ಸರಿ ಇದೆ, ಕೆಳಗಿನ ಬಲಗೈ ಅಭಯವೂ ಸರಿ. ಆದ್ರೆ ಕೆಳಗಿನ ಎಡಗೈ ಎದೆಗೆ ಅಡ್ಡಲಾಗಿ ಆನೆ ಸೊಂಡಿಲಿನ ಹಾಗೆ ಇಳಿದು, ಎತ್ತಿದ ಎಡಪಾದದ ಕಡೆಗೆ ತೋರಿಸ್ಬೇಕು, ನಮ್ಮದ್ರಲ್ಲಿ ಬೆರಳು ಪ್ರಭಾವಳಿ ಕಡೆ ತಿರುಗಿದೆ. "ಹೆದರಬೇಡ ಅಂತ ಒಂದು ಕೈ ಹೇಳತ್ತೆ, ಬಂದು ಇಲ್ಲಿ ಶರಣಾಗು ಅಂತ ಇನ್ನೊಂದು ಕೈ ಪಾದ ತೋರಿಸತ್ತೆ, ಅದೇ ಇಲ್ದಿದ್ರೆ ಇದು ಬರೀ ಡ್ಯಾನ್ಸ್ ಮಾಡೋ ಗೊಂಬೆ ಅಷ್ಟೇ" ಅಂದ್ರು. ಆ ಮಾತಿಗೆ ನನಗಾದ ಸಂಕಟ ದುಡ್ಡು ಹೋಗಿದ್ದಕ್ಕೂ ಆಗಿರ್ಲಿಲ್ಲ. ಹತ್ತು ವರ್ಷ ಮಗಳು ನಟರಾಜನಿಗೆ ನಮಸ್ಕಾರ ಮಾಡಿ ಗೆಜ್ಜೆ ಕಟ್ಟಿದ್ದಾಳೆ, ಒಂದು ದಿನಾನೂ ನಾನು ಆ ಕೈಗಳನ್ನ ಸರಿಯಾಗಿ ನೋಡಿರ್ಲಿಲ್ಲ.

ಅವತ್ತು ರಾತ್ರಿ ಮಗಳು ಅಂಗಡೀಲಿ ತೆಗೆದಿದ್ದ ಫೋಟೋಗಳನ್ನ ಝೂಮ್ ಮಾಡಿ ತೋರಿಸಿದ್ಲು. ಕೆಳಗಿನ ಶೆಲ್ಫಲ್ಲಿ ಇನ್ನೂ ಮೂರು ನಟರಾಜ, ಹೊಳೀತಿರೋ ಹೊಸವು, ಮೂರರಲ್ಲೂ ಅಪಸ್ಮಾರನ ಬಲಗೈಯಲ್ಲಿ ಅದೇ ಬೆರಳು ಅದೇ ಜಾಗದಲ್ಲಿ ಮುರಿದಿದೆ! "ಕಾಲ ಸವೆಸಿದ್ದು" ಅಂತ ನಮಗೆ ತೋರಿಸಿದ್ದು ಅಚ್ಚಲ್ಲೇ ಇದ್ದ ದೋಷ.

ನಾಗಮಂಗಲದ ಎರಕದವರೊಬ್ಬರ ಹತ್ರ ವಿಚಾರಿಸಿದಾಗ ಇನ್ನೂ ಅರ್ಥ ಆಯ್ತು. ಸಾಂಪ್ರದಾಯಿಕ ವಿಧಾನದಲ್ಲಿ ಮೊದ್ಲು ಜೇನುಮೇಣಕ್ಕೆ ರಾಳ ಸೇರಿಸಿ ಕೈಯಲ್ಲೇ ಮೂರ್ತಿ ತಿದ್ದುತ್ತಾರೆ, ಅದರ ಮೇಲೆ ನುಣ್ಣನೆ ಮಣ್ಣು ಮೆತ್ತಿ ಒಣಗಿಸಿ ಕಾಯಿಸಿದ್ರೆ ಮೇಣ ಕರಗಿ ಹೊರಗೆ ಹೋಗತ್ತೆ, ಆ ಖಾಲಿ ಜಾಗಕ್ಕೆ ಕರಗಿಸಿದ ಲೋಹ ಹೊಯ್ಯೋದು. ಸ್ವಾಮಿಮಲೈಯಲ್ಲಿ ಆ ಮಣ್ಣು ಕಾವೇರಿ ತೀರದ್ದು, ಅಳತೆಗೆ ತೆಂಗಿನ ಗರಿ ಮಡಚಿ ಇಟ್ಕೊತಾರೆ. ಮೂರ್ತಿ ತೆಗೀಬೇಕು ಅಂದ್ರೆ ಮಣ್ಣಿನ ಅಚ್ಚು ಒಡೀಲೇಬೇಕು, ಅದಕ್ಕೇ ಆ ಥರ ಮಾಡಿದ್ದು ಒಂದರ ಹಾಗೆ ಇನ್ನೊಂದು ಇರಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸದಲ್ಲಿ ಇದೇ ಮೇಣದ ಎರಕದ ವಿಧಾನ ವಿವರಿಸಿದ್ದಾನೆ, ಅಂದ್ರೆ ಈ ವಿದ್ಯೆ ನಮ್ಮ ಕಡೆಗೂ ಹೊಸದಲ್ಲ. ನಮ್ಮ ಮೂರ್ತಿಯ ತೋಳಿನ ಒಳಬದಿ ಉದ್ದಕ್ಕೂ ಬೆರಳಿಗೆ ಸಿಗೋ ಒಂದು ಏಣು ಇದೆ, ಎರಡು ಅರ್ಧದ ಅಚ್ಚು ಕೂಡಿದ ಗೆರೆ ಅದು. ಪರಿಚಯದ ಒಡವೆ ಅಂಗಡೀಲಿ ಚಿನ್ನ ಚೆಕ್ ಮಾಡೋ ಮೆಷಿನ್‌ಗೆ ಇಟ್ಟಾಗ ತಾಮ್ರ, ಸತು, ಚೂರು ಸೀಸ ಅಷ್ಟೇ ಬಂತು, ಪಂಚಲೋಹ ಅಂದ್ರೆ ಚೂರಾದ್ರೂ ಇರ್ಬೇಕಾದ ಬೆಳ್ಳಿ ಬಂಗಾರದ ಸುಳಿವೂ ಇಲ್ಲ. ಹಿತ್ತಾಳೆ ಮೂರ್ತಿ ಪೂಜೆಗೆ ಬರಲ್ಲ ಅಂತ ನಾನು ಹೇಳ್ತಿಲ್ಲ, ಹಿತ್ತಾಳೆ ಅಂತ ಹೇಳಿ ಹಿತ್ತಾಳೆ ಬೆಲೆಗೆ ಕೊಡ್ಲಿ.

ಈಗ ಮುಖ್ಯವಾದ ವಿಷಯ. ಅವರು ಹೇಳಿದ್ದು ನಿಜಾನೇ ಆಗಿದ್ರೆ ನಾನು ಇನ್ನೂ ದೊಡ್ಡ ಕಷ್ಟದಲ್ಲಿ ಸಿಕ್ಕೊಳ್ತಿದ್ದೆ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಲೋಹದ ಮೂರ್ತಿ ಪುರಾತನ ವಸ್ತು, ಅದು ನೋಂದಣಿ ಆಗಿರ್ಬೇಕು, ಮಾರೋ ವ್ಯಾಪಾರಿಗೆ ಲೈಸೆನ್ಸ್ ಇರ್ಬೇಕು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯೋ ಹಾಗೇ ಇಲ್ಲ. ಕಾಗದ ಇಲ್ಲದ ಹಳೇ ಮೂರ್ತಿ ಅಂದ್ರೆ ಯಾವ್ದೋ ಗುಡಿಯಿಂದ ಕದ್ದಿದ್ದೂ ಆಗಿರ್ಬಹುದು. ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಗುಡಿಯಿಂದ ಕದ್ದ ಚೋಳರ ಕಾಲದ ನಟರಾಜನ್ನ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿಯವರು 2008ರಲ್ಲಿ 50 ಲಕ್ಷ ಡಾಲರ್‌ಗೂ ಮಿಕ್ಕಿ ಕೊಟ್ಟು ಕೊಂಡಿದ್ರು, 2014ರಲ್ಲಿ ವಾಪಸ್ ಕೊಡ್ಬೇಕಾಯ್ತು. ಅಂಥಾ ಮ್ಯೂಸಿಯಂನೇ ಸುಳ್ಳು ಕಾಗದಕ್ಕೆ ಮೋಸ ಹೋಯ್ತು, ನಾವು ಕಾಗದವನ್ನೇ ಕೇಳ್ಲಿಲ್ಲ. ಹಳೇದು ಅನ್ನೋದು ಸುಳ್ಳಾದ್ರೆ ದುಡ್ಡು ಹೋಯ್ತು, ನಿಜವಾದ್ರೆ ಪೊಲೀಸ್ ಕೇಸು, ಎರಡರಲ್ಲೂ ತಗೊಂಡೋರಿಗೇ ನಷ್ಟ.

ಹೊಸದನ್ನೇ ತಗೊಳ್ಳಿ. ಸ್ಥಪತಿಗಳ ಕೆಲಸದ ಮನೆಗೇ ನೇರ ಹೋಗಿ, ಡ್ರೈವರ್ ಹೇಳಿದ ಕಡೆ ಅಲ್ಲ. ಮೇಣದ ಹಂತದಲ್ಲೇ ಮೂರ್ತಿ ನೋಡೋಕೆ ಕೇಳಿ, ಕೈ ಕಿವಿ ಪಾದ ಎಲ್ಲ ಅಲ್ಲೇ ನೋಡ್ಕೊಳ್ಳಿ. ಬೇಕಿದ್ರೆ ಒಂದು ಚೂರು ಬೆಳ್ಳಿ ಬಂಗಾರ ಮನೆಯಿಂದ ಒಯ್ದು ನಿಮ್ಮ ಕಣ್ಣೆದುರೇ ಮೂಸೆಗೆ ಹಾಕ್ಸಿ. ಕೊಟ್ಟ ಪೂರ್ತಿ ಮೊತ್ತಕ್ಕೆ, ಹೊಸದು ಅಂತ ಬರೆದ, ಲೋಹ ಮತ್ತು ತೂಕ ನಮೂದಿಸಿದ ಜಿಎಸ್‌ಟಿ ಬಿಲ್ ತಗೊಳ್ಳಿ. ಫಾರಿನ್‌ಗೆ ಒಯ್ಯೋರಿದ್ರೆ ಇದು ಪುರಾತನ ವಸ್ತು ಅಲ್ಲ ಅಂತ ಪುರಾತತ್ವ ಇಲಾಖೆಯಿಂದ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ, ಇಲ್ದಿದ್ರೆ ಏರ್‌ಪೋರ್ಟಲ್ಲಿ ತಡೀತಾರೆ.

ಈಗಾಗ್ಲೇ ಮೋಸ ಹೋಗಿದ್ರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. 2019ರ ಗ್ರಾಹಕ ಕಾಯ್ದೆ ಪ್ರಕಾರ ನೀವಿರೋ ಊರಿನ ಆಯೋಗದಲ್ಲೇ ದೂರು ಕೊಡ್ಬಹುದು, ತಮಿಳುನಾಡಿಗೆ ಅಲೀಬೇಕಿಲ್ಲ, ಆದ್ರೆ ಎರಡು ವರ್ಷದೊಳಗೆ ಕೊಡ್ಬೇಕು. ನಾನು ಕೊಟ್ಟಿದ್ದೀನಿ. ಕ್ಯಾಶ್ ಕೊಟ್ಟಿದ್ದರಿಂದ ಕೈಯಲ್ಲಿರೋ ಸಾಕ್ಷಿ ಅಂದ್ರೆ ಆ 9,500ರ ಬಿಲ್ಲು, ಅವತ್ತೇ ಎಟಿಎಂನಲ್ಲಿ ದುಡ್ಡು ತೆಗೆದ ಎಂಟ್ರಿ, ಮತ್ತೆ ಮಗಳ ಫೋನಲ್ಲಿರೋ ಮುರಿದ ಬೆರಳಿನ ಫೋಟೋ.